ಮಾಡಿದುದೂ ಮಾಡಿಸಿದವನೂ: ಮಕ್ಕಳ ಅನಿಮೇಷನ್ ಕಥೆಗಳಲ್ಲಿ ಯಂತ್ರಮಾನವ

ಕಾಶ್ಮೀರದ ಸೋಮದೇವಭಟ್ಟನು 11ನೆಯ ಶತಮಾನದಲ್ಲಿ ರಚಿಸಿದ ಕಥಾಸರಿತ್ಸಾಗರದಲ್ಲಿ ಕಾಂಚೀನಗರದ ಇಬ್ಬರು ಬಡಗಿಗಳ ವೃತ್ತಾಂತವೊಂದು ಬರುತ್ತದೆ. ಅಣ್ಣನ ಹೆಸರು ಪ್ರಾಣಧರ, ತಮ್ಮನ ಹೆಸರು ರಾಜ್ಯಧರ. ಇಬ್ಬರೂ ಯಂತ್ರರಚನೆಯಲ್ಲಿ ನಿಪುಣರು. ದುರ್ವ್ಯಸನದಿಂದ ಹಣವನ್ನೆಲ್ಲ ನೀಗಿಕೊಂಡ ಪ್ರಾಣಧರನು ಯಂತ್ರದ ಹಂಸಗಳನ್ನು ಮಾಡಿ, ಹಗ್ಗದ ಆಧಾರದಿಂದ ಅವುಗಳನ್ನು ರಾತ್ರಿಯ ವೇಳೆ ಅರಸನ ಭಂಡಾರದೊಳಕ್ಕೆ ಹೊಗಿಸಿ, ಕೊಕ್ಕಿನಲ್ಲಿ ಒಡವೆಗಳನ್ನು ಕಚ್ಚಿ ತರಿಸಿಕೊಳ್ಳುತ್ತಿದ್ದನು. ಗುಟ್ಟು ಬಯಲಾದಾಗ ಅಣ್ಣತಮ್ಮಂದಿರು ಊರು ಬಿಟ್ಟು ಓಡಿಹೋಗಬೇಕಾಯಿತು. ಹಂಸಗಳು ತಪ್ಪು ಮಾಡಿದುವೆಂದು ಈ ಕಥೆಯಲ್ಲಿ ಯಾರೂ ಭಾವಿಸುವುದಿಲ್ಲ. ಹಾಗೆ ಭಾವಿಸಬಹುದೆಂಬ ಶಂಕೆಯೇ ಕವಿಗೆ ಹುಟ್ಟಿದಂತಿಲ್ಲ. ಮುಂದೆ ರಾಜ್ಯಧರನು ಜನಶೂನ್ಯವಾದ ನಗರವೊಂದನ್ನು ಮರದ ಯಂತ್ರಜನರಿಂದ ತುಂಬುತ್ತಾನೆ. ಅವರು ಜೀವಂತರಂತೆಯೇ ಚಲಿಸುತ್ತಾರೆ. ಮಾತಿಲ್ಲದಿರುವುದರಿಂದ ಮಾತ್ರ ನಿರ್ಜೀವರೆಂದು ನೋಡಿದವರಿಗೆ ಗೊತ್ತಾಗುತ್ತದೆ.

ಯಂತ್ರದ ಕೃತ್ಯಕ್ಕೆ ಯಂತ್ರಕಾರನೇ ಹೊಣೆ ಎಂಬುದೊಂದು, ಮಾತಿಲ್ಲದುದೇ ಯಂತ್ರದ ಗುರುತು ಎಂಬುದೊಂದು, ಈ ಎರಡು ನಿಶ್ಚಯಗಳೂ ಇಂದು ಸಡಿಲವಾಗಿವೆ. ಯಂತ್ರಗಳು ಮಾತನಾಡುತ್ತಿವೆ, ಪ್ರಶ್ನೆಗೆ ಉತ್ತರ ಕೊಡುತ್ತಿವೆ, ಅವುಗಳಿಂದ ಕೆಡುಕು ಸಂಭವಿಸಿದಾಗ ಹೊಣೆ ಯಾರದೆಂಬ ವಿಚಾರದಲ್ಲಿ ನ್ಯಾಯವಿದರೂ ತಡವರಿಸುತ್ತಿದ್ದಾರೆ. ವಿಶೇಷವೇನೆಂದರೆ, ಈ ಪ್ರಶ್ನೆಯನ್ನು ವಿದ್ವಾಂಸರ ಸಭೆಗಳು ಗಂಭೀರವಾಗಿ ಕೈಗೊಳ್ಳುವುದಕ್ಕೆ ಬಹಳ ಮೊದಲೇ ಮಕ್ಕಳಿಗಾಗಿ ತಯಾರಾದ ಅನಿಮೇಷನ್ ಚಿತ್ರಗಳು ಅದನ್ನು ಎತ್ತಿಕೊಂಡವು. ಈ ಚಿತ್ರಗಳನ್ನು ಕೇವಲ ವಿನೋದವೆಂದು ತಳ್ಳಿಹಾಕುವ ವಾಡಿಕೆ ಸಾಹಿತ್ಯೋಪಾಧ್ಯಾಯರಲ್ಲಿ ಇನ್ನೂ ಉಂಟು. ಪಂಚತಂತ್ರವನ್ನು ನೀತಿಶಾಸ್ತ್ರವೆಂದು ಒಪ್ಪಿ ಪಾಠ ಹೇಳುವವರು ಹೀಗೆ ಮಾಡುವುದು ಸ್ವಲ್ಪ ವಿಚಿತ್ರವೇ ಸರಿ.

ಪಾಣಿನೀಯರ ಮತದಲ್ಲಿ ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ; ಕ್ರಿಯೆಯ ಸಿದ್ಧಿಗೆ ಎಲ್ಲಕ್ಕಿಂತ ಹೆಚ್ಚು ಸಹಾಯಕವಾದುದು ಕರಣ. ಪ್ರಾಣಧರನು ಕರ್ತೃ, ಹಂಸವು ಕರಣ. ಆದರೆ ವೈಯಾಕರಣರು ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬನು ಮತ್ತೊಬ್ಬನಿಂದ ಕೆಲಸವನ್ನು ಮಾಡಿಸುವ ಸಂದರ್ಭದಲ್ಲಿ, ಮಾಡಿಸುವವನನ್ನು ಪ್ರಯೋಜಕಕರ್ತೃವೆಂದೂ ಮಾಡುವವನನ್ನು ಪ್ರಯೋಜ್ಯಕರ್ತೃವೆಂದೂ ವಿಂಗಡಿಸಿದರು. ಕನ್ನಡದಲ್ಲಿ ಈ ಭೇದವನ್ನು ತೋರಿಸುವುದಕ್ಕೆ 'ಇಸು' ಎಂಬ ಪ್ರತ್ಯಯವೊಂದು ಸಾಕು: ಮಾಡು, ಮಾಡಿಸು, ಕೊಲ್ಲು, ಕೊಲ್ಲಿಸು. ಕರಣಕ್ಕೂ ಪ್ರಯೋಜ್ಯಕರ್ತೃವಿಗೂ ಇರುವ ಅಂತರವು ಮೇಲುನೋಟಕ್ಕೆ ಅಲ್ಪವಾದರೂ ಫಲದಲ್ಲಿ ದೊಡ್ಡದು. ಕೊಡಲಿಯು ಒಲ್ಲೆನೆನ್ನಲಾರದು; ಆಳು ಒಲ್ಲೆನೆನ್ನಬಲ್ಲನು. ಯಂತ್ರಮಾನವನ ಕಥೆಗಳಲ್ಲಿ ನಡೆಯುವುದೆಲ್ಲವೂ ಕೊಡಲಿಗೂ ಆಳಿಗೂ ನಡುವಣ ಈ ಎಡೆಯಲ್ಲಿಯೇ. ಆ ಎಡೆಯಲ್ಲಿ ನಿಂತ ಪಾತ್ರವನ್ನು ಪ್ರೀತಿಸುವ ಭರದಲ್ಲಿ, ಮಾಡಿಸಿದವನನ್ನು ಕಥೆಯು ಮರೆತಿದೆಯೇ ಇಲ್ಲವೇ ಎಂಬುದರಿಂದ ಇಂಥ ಕೃತಿಗಳ ನೈತಿಕವಾದ ತೂಕವನ್ನು ಅಳೆಯಬಹುದೆಂದು ಇಲ್ಲಿ ಪ್ರತಿಪಾದಿಸಲಾಗುವುದು.

'ರೋಬೋ' ಎಂಬ ಶಬ್ದದ ಹುಟ್ಟೇ ಇದಕ್ಕೆ ಸಾಕ್ಷಿಯಾಗಿದೆ. ಚೆಕ್ ಲೇಖಕನಾದ ಕಾರೆಲ್ ಚಾಪೆಕನು 1920ರಲ್ಲಿ ಪ್ರಕಟಿಸಿದ, 1921ರ ಜನವರಿಯಲ್ಲಿ ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಪ್ರಯೋಗವಾದ 'ಆರ್. ಯು. ಆರ್.' ಎಂಬ ನಾಟಕದಿಂದ ಈ ಶಬ್ದವು ಲೋಕಕ್ಕೆಲ್ಲ ಹರಡಿತು. ಅದನ್ನು ಸೂಚಿಸಿದವನು ಕಾರೆಲನ ಅಣ್ಣ, ಚಿತ್ರಕಾರನಾದ ಯೋಸೆಫ್. ಚೆಕ್ ಭಾಷೆಯ 'ರೊಬೊತಾ' ಎಂದರೆ ಒಕ್ಕಲು ತನ್ನ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಸಲ್ಲಿಸಬೇಕಾಗಿದ್ದ ದುಡಿಮೆ. ಕನ್ನಡದಲ್ಲಿ ಇದಕ್ಕೆ ಸಮನಾದ ಮಾತನ್ನು ಹುಡುಕುತ್ತ ಹೋಗಬೇಕಾದುದಿಲ್ಲ, ಅದು 'ಬಿಟ್ಟಿ'. ಸಂಸ್ಕೃತದ 'ವಿಷ್ಟಿ' ಶಬ್ದದ ತದ್ಭವವಾದ ಇದು ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಹೀಗಿರುವಲ್ಲಿ ರೋಬೋ ಎಂದರೆ ಶಬ್ದಾರ್ಥದಿಂದ ಬಿಟ್ಟಿಯಾಳು. 'ಯಂತ್ರಮಾನವ' ಎಂಬ ಕನ್ನಡದ ಸಮಾಸವು ಸೊಗಸಾಗಿದ್ದರೂ, ಆ ಜೀವಿಯು ಯಾವ ದ್ರವ್ಯದಿಂದಾಯಿತು, ಯಾವ ಆಕಾರದ್ದು ಎಂಬುದನ್ನಷ್ಟೇ ತಿಳಿಸಿ, ಯಾರಿಗಾಗಿ ದುಡಿಯುತ್ತದೆ ಎಂಬುದನ್ನು ಕೈಬಿಟ್ಟಿದೆ. ಚಾಪೆಕನ ನಾಟಕದ ರೋಬೋಗಳು ಲೋಹದವೂ ಅಲ್ಲ. ರಾಸಾಯನಿಕ ದ್ರವ್ಯದಿಂದ ರೂಪಿಸಿದ ಮಾಂಸದ ದೇಹಗಳು. ಲೋಹದ ಮೈ ಮುಂದೆ ಬಂದು ಸೇರಿಕೊಂಡದ್ದು. ಮೊದಲಿನಿಂದಲೂ ಇದ್ದುದು ಬಿಟ್ಟಿ.

ಲಿಂಗದ ವಿಷಯವಾಗಿಯೂ ಇಲ್ಲಿ ಒಂದು ಮಾತು ಹೇಳುವುದು ಉಚಿತ. ಯಂತ್ರಮಾನವನ ಕಥೆಯನ್ನು ಕನ್ನಡದಲ್ಲಿ ಹೇಳಹೊರಟವನು 'ಬಂದನು' ಎನ್ನಬೇಕೋ 'ಬಂದಿತು' ಎನ್ನಬೇಕೋ ಎಂಬುದನ್ನು ಮೊದಲನೆಯ ವಾಕ್ಯದಲ್ಲಿಯೇ ತೀರ್ಮಾನಿಸಬೇಕಾಗುತ್ತದೆ. ಕ್ರಿಯಾಪದದಲ್ಲಿ ಈ ಭೇದವಿಲ್ಲದ ಜಪಾನೀ ಅಥವಾ ಇಂಗ್ಲಿಷ್ ಭಾಷೆಯಲ್ಲಿ ಈ ತೊಡಕು ಇಷ್ಟು ತೀಕ್ಷ್ಣವಲ್ಲ. ಆದರೆ ಕನ್ನಡದ ನಪುಂಸಕಲಿಂಗವು ನಿರ್ಜೀವಕ್ಕೇ ಮೀಸಲಾದುದಲ್ಲ. ಮಗು, ಕೂಸು, ಶಿಶು ಇವೆಲ್ಲ ಅದೇ ಲಿಂಗದವು. ಮಗು ಬಂದಿತು, ಅತ್ತಿತು, ನಕ್ಕಿತು. ಇಲ್ಲಿ ಎಲ್ಲ ಯಂತ್ರಮಾನವರಿಗೂ ನಪುಂಸಕವನ್ನೇ ಬಳಸಿರುವುದನ್ನು ವಾಚಕರು ಈ ಅರ್ಥದಲ್ಲಿ ಗ್ರಹಿಸಬೇಕು.

ಅನಿಮೇಷನ್ ಎಂಬ ಕಲೆಗೂ ಈ ವಿಷಯಕ್ಕೂ ಸಹಜವಾದ ನಂಟಿದೆ. ನಾಟಕದಲ್ಲಾಗಲಿ ಸಾಮಾನ್ಯ ಚಲಚ್ಚಿತ್ರದಲ್ಲಾಗಲಿ ಯಂತ್ರದ ವೇಷವನ್ನು ತೊಟ್ಟ ನಟನೊಬ್ಬನು ಒಳಗಿರುತ್ತಾನೆ. ವೇಷದ ಹಿಂದೆ ಮನುಷ್ಯನುಂಟೆಂಬ ಅರಿವು ನೋಡುವವರನ್ನು ಬಿಡುವುದಿಲ್ಲ. ಚಿತ್ರಿಸಿದ ಕಥೆಯಲ್ಲಿ ಹಾಗಲ್ಲ. ಹುಡುಗನೂ ಗೆರೆಯಿಂದಾದವನು, ಯಂತ್ರವೂ ಗೆರೆಯಿಂದಾದುದು. ಎರಡಕ್ಕೂ ಚಲನೆ ಬಂದಿರುವುದು ಒಂದೇ ಬಗೆಯಿಂದ. ಜೀವವುಳ್ಳದ್ದು ಯಾವುದು, ಇಲ್ಲದ್ದು ಯಾವುದು ಎಂಬ ಪ್ರಶ್ನೆಗೆ ಕಣ್ಣಿನಿಂದ ಉತ್ತರ ಸಿಕ್ಕದಿರುವ ಕಾರಣ ಪಾತ್ರದ ನಡತೆಯನ್ನೇ ನೋಡಿ ನಿರ್ಧರಿಸಬೇಕಾಗುತ್ತದೆ. ಮಕ್ಕಳು ಇದನ್ನು ಯಾರೂ ಹೇಳಿಕೊಡದೆಯೇ ಮಾಡುತ್ತಾರೆ.

ಈ ಪರಂಪರೆಯಲ್ಲಿ ಮೊದಲು ಹೆಸರಿಸಬೇಕಾದುದು ಜಪಾನಿನ ತೆಜುಕಾ ಓಸಾಮು ಅವರ 'ತೆತ್ಸುವಾನ್ ಆತೊಮು'. ಇಂಗ್ಲಿಷಿನಲ್ಲಿ 'ಆಸ್ಟ್ರೋ ಬಾಯ್' ಎಂದು ಪ್ರಸಿದ್ಧವಾದುದು ಇದೇ. ಈ ಪಾತ್ರವು 1951ರಲ್ಲಿ ಚಿತ್ರಕಥೆಯೊಂದರಲ್ಲಿ ಮೊದಲು ಕಾಣಿಸಿಕೊಂಡು, 1952ರಿಂದ 1968ರ ವರೆಗೆ ತನ್ನದೇ ಹೆಸರಿನ ಧಾರಾವಾಹಿಯಲ್ಲಿ ಬೆಳೆಯಿತು. 1963ನೆಯ ಇಸವಿಯ ಜನವರಿ 1ರಂದು ಅದರ ಅನಿಮೇಷನ್ ಜಪಾನಿನ ದೂರದರ್ಶನದಲ್ಲಿ ಪ್ರಾರಂಭವಾಗಿ, 1966ರ ಕೊನೆಯ ವರೆಗೆ 193 ಕಂತುಗಳಲ್ಲಿ ಪ್ರಸಾರವಾಯಿತು. ಹಿರೋಶಿಮಾ ನಾಗಸಾಕಿಗಳ ಮೇಲೆ ಪರಮಾಣು ಬಾಂಬು ಬಿದ್ದ ಆರು ವರ್ಷಗಳೊಳಗೆ, ಅದೇ ದೇಶದ ಮಕ್ಕಳ ಕಥಾನಾಯಕನಿಗೆ 'ಆಟಮ್' ಎಂದು ಹೆಸರಿಟ್ಟುದು ಸಾಮಾನ್ಯ ಸಂಗತಿಯಲ್ಲ. ಅದರ ತಂಗಿಯ ಹೆಸರು ಉರಾನ್, ಎಂದರೆ ಯುರೇನಿಯಂ. ತಮ್ಮನ ಹೆಸರು ಕೋಬಾಲ್ಟ್.

ಕಥೆಯ ಬೀಜ ಹೀಗಿದೆ. ವಿಜ್ಞಾನ ಇಲಾಖೆಯ ಮುಖ್ಯಸ್ಥನಾದ ತೆನ್ಮಾ ಎಂಬ ಪಂಡಿತನ ಏಕಮಾತ್ರಪುತ್ರನು ವಾಹನದ ಅಪಘಾತದಲ್ಲಿ ಸಾಯುತ್ತಾನೆ. ದುಃಖದಿಂದ ಬುದ್ಧಿ ಕದಡಿದ ತಂದೆಯು ಇಲಾಖೆಯ ಸಾಧನಸಂಪತ್ತನ್ನೆಲ್ಲ ತೊಡಗಿಸಿ, ಮಗನ ರೂಪವನ್ನೇ ಹೋಲುವ ಯಂತ್ರಬಾಲಕನನ್ನು ನಿರ್ಮಿಸುತ್ತಾನೆ. ಅದಕ್ಕೆ 1,00,000 ಅಶ್ವಶಕ್ತಿಯ ಬಲ. ಮಗನನ್ನು ಸಾಕಿದಂತೆಯೇ ಅದನ್ನು ಸಾಕುತ್ತಾನೆ. ಸ್ವಲ್ಪ ಕಾಲವಾದಮೇಲೆ ಒಂದು ಸಂಗತಿ ಅವನ ಕಣ್ಣಿಗೆ ಬೀಳುತ್ತದೆ: ಈ ಮಗು ಎತ್ತರವಾಗುತ್ತಿಲ್ಲ. ತಾನೇ ಬೆಳೆಯದಂತೆ ಮಾಡಿದುದು ಬೆಳೆಯಲಿಲ್ಲವೆಂದು ಸಿಟ್ಟಾಗಿ ಅದನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಅಲ್ಲಿ ಅದನ್ನು ಕಂಡ ಒಚಾನೊಮಿಜು ಎಂಬ ಮತ್ತೊಬ್ಬ ಪಂಡಿತನು ಬಿಡಿಸಿಕೊಂಡು ಬಂದು, ಶಾಲೆಗೆ ಕಳುಹಿಸಿ, ಮುಂದೆ ಅದಕ್ಕಾಗಿ ಯಂತ್ರದ ತಂದೆತಾಯಿಗಳನ್ನೂ ಮಾಡಿಕೊಡುತ್ತಾನೆ. ಮಗುವಿಗಿಂತ ತಂದೆತಾಯಿಗಳೇ ವಯಸ್ಸಿನಲ್ಲಿ ಚಿಕ್ಕವರಾಗುವ ಈ ಸನ್ನಿವೇಶವನ್ನು ತೆಜುಕಾ ಅವರು ನಗೆಯಿಂದಲೇ ಹೇಳಿದರೂ ಅದರ ಅಡಿಯಲ್ಲಿ ಒಂದು ನೋವಿದೆ.

ಈ ಪ್ರಸಂಗದಲ್ಲಿ ತಪ್ಪು ಯಂತ್ರದ್ದೆಂದು ಶಂಕಿಸುವುದಕ್ಕೆ ಯಾವ ಎಡೆಯೂ ಇಲ್ಲ. ತೆನ್ಮಾ ದುಷ್ಟನೂ ಅಲ್ಲ, ಮಗನನ್ನು ಕಳೆದುಕೊಂಡವನು. ಅವನ ತಪ್ಪು, ತನ್ನ ಶೋಕವನ್ನು ತೀರಿಸುವ ಸಾಧನವಾಗಿ ಒಂದು ಜೀವವನ್ನು ಮಾಡಿಕೊಂಡುದು. ಸಾಧನವು ತೀರಿಸಲಾರದೆ ಹೋದಾಗ ಬಿಸಾಡಿದುದು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಕರ್ತೃವಾಗಿ ಸೃಷ್ಟಿಸಿದುದನ್ನು ಕರಣವಾಗಿ ನಡೆಸಿಕೊಂಡುದು. ತೆಜುಕಾ ಅವರು ತಮ್ಮ ಕಥಾಲೋಕಕ್ಕಾಗಿ ಯಂತ್ರಮಾನವರ ವಿಧಿಗಳನ್ನೂ ಕಲ್ಪಿಸಿದರು. ಮನುಷ್ಯರ ಸುಖಕ್ಕಾಗಿ ಬಾಳಬೇಕು, ಮನುಷ್ಯರನ್ನು ನೋಯಿಸಲಾಗದು ಕೊಲ್ಲಲಾಗದು, ಅಪ್ಪಣೆಯಿಲ್ಲದೆ ಪರದೇಶಕ್ಕೆ ಹೋಗಲಾಗದು ಎಂಬಿವುಗಳ ನಡುವೆ ಒಂದು ವಿಧಿ ಹೀಗಿದೆ: ತನ್ನನ್ನು ಮಾಡಿದವನನ್ನು ಯಂತ್ರಮಾನವನು ತಂದೆಯೆಂದು ಕರೆಯಬೇಕು. ಅಮೆರಿಕದ ಐಸಾಕ್ ಆಸಿಮೋವನು 1942ರ ಕಥೆಯೊಂದರಲ್ಲಿ ಮಂಡಿಸಿದ ಸುಪ್ರಸಿದ್ಧವಾದ ಮೂರು ಸೂತ್ರಗಳಲ್ಲಿ ಇಂಥದೊಂದು ಇಲ್ಲ. ಆದರೆ ಹಾಗೆ ಕರೆಸಿಕೊಂಡವನು ಏನು ಮಾಡಬೇಕೆಂಬುದನ್ನು ಈ ವಿಧಿ ಹೇಳುವುದಿಲ್ಲ. ವಿಧಿಯ ಭಾರವೆಲ್ಲ ಮಗುವಿನ ಮೇಲೆ. ಇದು ಲೇಖಕರ ಮರೆವಲ್ಲವೆಂದೂ, ಕಥೆಯುದ್ದಕ್ಕೂ ಅವರು ತೋರಿಸುತ್ತಿರುವುದು ಈ ಲೋಪವನ್ನೇ ಎಂದೂ ತೋರುತ್ತದೆ.

1964-65ರಲ್ಲಿ ಪ್ರಕಟವಾದ 'ಭೂಮಿಯ ಮೇಲಣ ಅತಿಬಲಿಷ್ಠ ಯಂತ್ರಮಾನವ' ಎಂಬ ಭಾಗದಲ್ಲಿ ಇದು ಇನ್ನೂ ವಿಶದವಾಗುತ್ತದೆ. ಸುಲ್ತಾನನೊಬ್ಬನು ಪ್ಲೂಟೋ ಎಂಬ ಮಹಾಯಂತ್ರವನ್ನು ಮಾಡಿಸಿ, ಲೋಕದ ಏಳು ಬಲಿಷ್ಠ ಯಂತ್ರಮಾನವರನ್ನು ನಾಶಮಾಡಿ ಬರುವಂತೆ ಅಟ್ಟುತ್ತಾನೆ. ಪ್ಲೂಟೋವಿಗೆ ಆ ಏಳರ ಮೇಲೆ ಯಾವ ಹಗೆಯೂ ಇಲ್ಲ, ಅದಕ್ಕಿರುವುದು ಅಪ್ಪಣೆ. ಆಟಮಿನ ತಂಗಿಯೊಡನೆ ಅದು ಸೌಜನ್ಯದಿಂದಲೇ ನಡೆದುಕೊಳ್ಳುತ್ತದೆ. ಇತ್ತ ಆಟಮ್ ತನ್ನ ಬಲವನ್ನು 10,00,000 ಅಶ್ವಶಕ್ತಿಗೆ ಏರಿಸಿಕೊಳ್ಳಬಯಸುತ್ತದೆ. ಏರಿಸಿಕೊಡುವವನು ಯಾರೆಂದರೆ, ಮಾರಿಬಿಟ್ಟಿದ್ದ ತೆನ್ಮಾ. ತಂದೆಯು ಮಗುವಿಗೆ ಮಮತೆಯನ್ನು ಕೊಡಲಾರದೆ ಬಲವನ್ನು ಕೊಡುತ್ತಾನೆ. ಏಟಿಗೆ ಎದುರೇಟಾಗಿ ಶಕ್ತಿಯನ್ನು ಹೆಚ್ಚಿಸುತ್ತ ಹೋಗುವ ಅಂದಿನ ರಾಷ್ಟ್ರಗಳ ಪೈಪೋಟಿಯು ಇಲ್ಲಿ ಪ್ರತಿಬಿಂಬಿತವಾಗಿರುವುದನ್ನು ದೊಡ್ಡವರು ಬೇಗ ಗುರುತಿಸುತ್ತಾರೆ. ಮಕ್ಕಳು ಗುರುತಿಸುವುದು ಬೇರೊಂದನ್ನು: ಹೊಡೆದಾಡುವ ಇಬ್ಬರಿಗೂ ಹೊಡೆದಾಟ ಬೇಡ.

ಆದರೂ ಆಟಮನ್ನು ವಿಜ್ಞಾನದ ಜಯಘೋಷವೆಂದೇ ಓದಿದವರು ಬಹುಮಂದಿ. ಈ ಓದಿಗೆ ತೆಜುಕಾ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಅಸಮಾಧಾನ ಪಟ್ಟರು. ಕಥೆಯ ಪ್ರಕಾರ ಆಟಮ್ ಹುಟ್ಟಿದ ದಿನ 2003ರ ಏಪ್ರಿಲ್ 7. ಆ ವರ್ಷ ಬಂದಾಗ ಜಪಾನಿನ ಸೈತಾಮಾ ಪ್ರಾಂತದ ನೀಜಾ ನಗರವು ಅದನ್ನು ತನ್ನ ವಿಶೇಷ ನಿವಾಸಿಯೆಂದು ದಾಖಲೆ ಮಾಡಿಕೊಂಡಿತು. ಅದು ವಿನೋದಕ್ಕಾಗಿ ಮಾಡಿದುದು, ನಿಜ; ಸರ್ಕಸ್ಸಿಗೆ ಮಾರಾಟವಾಗಿದ್ದ ಮಗುವಿಗೆ ಊರೊಂದು ಸಿಕ್ಕಿತೆಂಬುದು ಅಷ್ಟೇ ನಿಜ.

ಜಪಾನಿನಲ್ಲಿ ಮಾಡಿದವನಿಂದಲೇ ಮೊದಲಾದ ಪ್ರಶ್ನೆಯು ಅಮೆರಿಕದ ಚಿತ್ರವೊಂದರಲ್ಲಿ ಮತ್ತೊಂದು ತುದಿಯಿಂದ ಮೊದಲಾಗುತ್ತದೆ. ಇಂಗ್ಲಿಷ್ ಕವಿ ಟೆಡ್ ಹ್ಯೂಸನು ಮಕ್ಕಳಿಗಾಗಿ 1968ರಲ್ಲಿ 'ಐರನ್ ಮ್ಯಾನ್' ಎಂಬ ಸಣ್ಣ ಪುಸ್ತಕವನ್ನು ಬರೆದನು. ಅದನ್ನು ಆಧಾರವಾಗಿಟ್ಟುಕೊಂಡು ಬ್ರಾಡ್ ಬರ್ಡ್ ಅವರು 1999ರಲ್ಲಿ ನಿರ್ದೇಶಿಸಿದ ಚಿತ್ರ 'ಐರನ್ ಜಯಂಟ್'. ಹ್ಯೂಸನ ಕಥೆಯಲ್ಲಿ ಕಬ್ಬಿಣದ ಮನುಷ್ಯನು ಆಕಾಶದಿಂದ ಬಂದ ಘೋರಪ್ರಾಣಿಯೊಂದನ್ನು ಎದುರಿಸುತ್ತಾನೆ. ಚಿತ್ರದಲ್ಲಿ ಆ ಪ್ರಾಣಿಯ ಸ್ಥಾನವನ್ನು ಮನುಷ್ಯರೇ ಹಾರಿಸಿದ ಪರಮಾಣು ಕ್ಷಿಪಣಿಯು ಆಕ್ರಮಿಸುತ್ತದೆ. ಕಾಲ 1957ರ ಅಕ್ಟೋಬರ್. ಸೋವಿಯತ್ ದೇಶದ ಸ್ಪುಟ್ನಿಕ್ ಆಗತಾನೆ ಆಕಾಶಕ್ಕೇರಿದೆ. ಸ್ಥಳ ಅಮೆರಿಕದ ಮೇನ್ ಸಂಸ್ಥಾನದ ಕಲ್ಪಿತವಾದ ಊರು. ಶಾಲೆಯಲ್ಲಿ ಬಾಂಬು ಬಿದ್ದರೆ ಮೇಜಿನ ಕೆಳಗೆ ಅಡಗಿರೆಂದು ಮಕ್ಕಳಿಗೆ ಕಲಿಸುತ್ತಿರುವ ಕಾಲ. ಬರ್ಡ್ ಅವರ ಸೋದರಿಯೊಬ್ಬರು ಗುಂಡೇಟಿಗೆ ಬಲಿಯಾಗಿದ್ದರು. ಬಂದೂಕಿಗೆ ಆತ್ಮವಿದ್ದು ಅದು ಬಂದೂಕಾಗಿರಲು ಒಲ್ಲದಿದ್ದರೆ ಏನಾದೀತು ಎಂಬ ಒಂದೇ ಪ್ರಶ್ನೆಯಿಂದ ಈ ಚಿತ್ರವು ಹುಟ್ಟಿತೆಂದು ಅವರು ಹೇಳಿಕೊಂಡಿದ್ದಾರೆ.

ಆಕಾಶದಿಂದ ಬಿದ್ದ ದೈತ್ಯಯಂತ್ರಕ್ಕೆ ತಲೆಗೆ ಪೆಟ್ಟಾಗಿ ಹಿಂದಿನದು ನೆನಪಿಲ್ಲ. ಹೊಗಾರ್ತ್ ಎಂಬ ಹುಡುಗನು ಅದಕ್ಕೆ ಮಾತನ್ನೂ ಆಟವನ್ನೂ ಕಲಿಸುತ್ತಾನೆ. ಕಾಡಿನಲ್ಲಿ ಬೇಟೆಗಾರರ ಗುಂಡಿಗೆ ಸತ್ತ ಜಿಂಕೆಯನ್ನು ನೋಡಿ ಅದು ಸಾವೆಂದರೇನೆಂದು ತಿಳಿಯುತ್ತದೆ. ಇಷ್ಟೆಲ್ಲ ಆದಮೇಲೆ ಬರುವ ದೃಶ್ಯವೇ ಚಿತ್ರದ ಮರ್ಮಸ್ಥಾನ. ಹುಡುಗನು ಆಟಿಕೆಯ ಬಂದೂಕನ್ನು ಹಿಡಿದು ಅದರತ್ತ ಗುರಿಯಿಡುತ್ತಾನೆ. ಆ ಕ್ಷಣವೇ ಯಂತ್ರದ ಕಣ್ಣು ಕೆಂಪಾಗಿ, ಅದರ ಅರಿವಿಲ್ಲದೆಯೇ ಕಿರಣವೊಂದು ಹೊರಟು ಹುಡುಗನು ಸ್ವಲ್ಪದರಲ್ಲಿ ಉಳಿದುಕೊಳ್ಳುತ್ತಾನೆ. ಯಂತ್ರಕ್ಕೆ ತಾನೇನು ಮಾಡಿದೆನೆಂದು ತಿಳಿಯದು. ಸ್ನೇಹಿತರು ಏಕೆ ಹೆದರಿ ದೂರ ಸರಿದರೆಂಬುದೂ ತಿಳಿಯದು. ಮಾಡಿದುದು ಅದೇ, ಆದರೆ ಅದರೊಳಗೆ ಕುಳಿತು ಮಾಡಿಸಿದವರು ಎಲ್ಲಿಯೋ ಇರುವ ನಿರ್ಮಾಪಕರು. ಅವರು ಯಾರು, ಯಾವ ಲೋಕದವರು, ಯಾರನ್ನು ಕೊಲ್ಲುವುದಕ್ಕಾಗಿ ಇದನ್ನು ಮಾಡಿದರು ಎಂಬುದನ್ನು ಚಿತ್ರವು ಕೊನೆಯವರೆಗೂ ಹೇಳುವುದಿಲ್ಲ. ಇದನ್ನು ದೋಷವೆಂದು ಎಣಿಸುವವರೂ ಇರಬಹುದು. ಆದರೆ ಚಿತ್ರದ ಉತ್ತರಾರ್ಧದಲ್ಲಿ ಆ ಖಾಲಿ ಜಾಗಕ್ಕೆ ಮನುಷ್ಯನೊಬ್ಬನು ಬಂದು ನಿಲ್ಲುತ್ತಾನೆ.

ಅವನು ಕೆಂಟ್ ಮ್ಯಾನ್ಸ್‌ಲಿ ಎಂಬ ಸರ್ಕಾರದ ಅಧಿಕಾರಿ. ಪರದೇಶದಿಂದ ಬಂದುದೆಲ್ಲವೂ ಶತ್ರುವೆಂಬುದು ಅವನ ನಂಬಿಕೆ. ಯಂತ್ರವು ಊರಿನ ನಡುವೆ ಇರುವಾಗಲೇ ಅವನು ಆವೇಶದಿಂದ ಕ್ಷಿಪಣಿಯನ್ನು ಹಾರಿಸುವಂತೆ ಜಲಾಂತರ್ಗಾಮಿಗೆ ಕೂಗಿ ಹೇಳಿಬಿಡುತ್ತಾನೆ. ಗುರಿಯು ಊರೇ ಎಂಬುದೂ, ತಾನೂ ಆ ಊರಿನಲ್ಲಿಯೇ ನಿಂತಿದ್ದೇನೆಂಬುದೂ ಆಮೇಲೆ ಹೊಳೆಯುತ್ತದೆ. ಆಗ ಅವನು ಮಾಡುವ ಕೆಲಸವೆಂದರೆ ಓಡಿಹೋಗಲು ಯತ್ನಿಸುವುದು. ಇಲ್ಲಿ ಎರಡು ಯಂತ್ರಗಳು ಎದುರುಬದುರಾಗುತ್ತವೆ. ಕ್ಷಿಪಣಿಯು ಶುದ್ಧವಾದ ಕರಣ. ಬಾಯಿಂದ ಹೊರಟ ಮಾತನ್ನು ಅದು ನೆರವೇರಿಸುತ್ತದೆ, ಹೇಳಿದವನಿಗೇ ಬೇಡವಾದಮೇಲೂ ನೆರವೇರಿಸುತ್ತದೆ. ದೈತ್ಯವು ಅದೇ ಜಾತಿಯ ಯಂತ್ರ, ಕೊಲ್ಲುವುದಕ್ಕಾಗಿಯೇ ಆದುದು. ಅದು ತನ್ನ ಇಷ್ಟದಿಂದ ಮೇಲಕ್ಕೆ ಹಾರಿ ಕ್ಷಿಪಣಿಯನ್ನು ಆಕಾಶದಲ್ಲಿಯೇ ತಡೆಯುತ್ತದೆ. ಒಲ್ಲೆನೆನ್ನುವ ಶಕ್ತಿ ಕೊಡಲಿಗೆ ಬಂದಿದೆ; ಅದೇ ಹೊತ್ತಿಗೆ ಕೊಡಲಿ ಹಿಡಿದ ಮನುಷ್ಯನು ಆ ಶಕ್ತಿಯನ್ನು ಕಳೆದುಕೊಂಡಿದ್ದಾನೆ.

ಈ ಚಿತ್ರದ ತಾಂತ್ರಿಕ ಸಂಗತಿಯೊಂದನ್ನು ಬಿಡುವಂತಿಲ್ಲ. ಮನುಷ್ಯಪಾತ್ರಗಳನ್ನೆಲ್ಲ ಕೈಯಿಂದ ಬರೆದು, ದೈತ್ಯವನ್ನು ಮಾತ್ರ ಕಂಪ್ಯೂಟರಿನಿಂದ ಚಿತ್ರಿಸಿದರು. ಯಂತ್ರವು ಬರೆದ ಗೆರೆ ಅತಿ ನಿಷ್ಕೃಷ್ಟವಾಗಿ ಉಳಿದ ಚಿತ್ರದೊಡನೆ ಹೊಂದಿಕೊಳ್ಳದೆ ಹೋದುದರಿಂದ, ಆ ಗೆರೆಯು ಕೈಬರೆಹದಂತೆ ಸ್ವಲ್ಪ ನಡುಗುವ ಹಾಗೆ ಏರ್ಪಾಡು ಮಾಡಬೇಕಾಯಿತು. ಬಿಡುಗಡೆಯ ಕಾಲದಲ್ಲಿ ಚಿತ್ರವು ಹಣವನ್ನು ತರಲಿಲ್ಲ. ಕೀರ್ತಿಯು ನಿಧಾನವಾಗಿ ಬಂದಿತು.

ಆಂಡ್ರೂ ಸ್ಟಾಂಟನ್ ನಿರ್ದೇಶಿಸಿದ, 2008ರ 'ವಾಲ್-ಇ' ಚಿತ್ರವು ಇವೆರಡಕ್ಕಿಂತ ಪ್ರಸಿದ್ಧವಾದುದರಿಂದ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ಕಸದಿಂದ ತುಂಬಿ ವಾಸಕ್ಕೆ ಅಯೋಗ್ಯವಾದ ಭೂಮಿಯನ್ನು ತೊರೆದು ಮನುಷ್ಯರು ಆಕಾಶನೌಕೆಯಲ್ಲಿ 700 ವರ್ಷಗಳಿಂದ ತೇಲುತ್ತಿದ್ದಾರೆ. ಒಂಟಿಯಾಗಿ ಉಳಿದ ಪುಟ್ಟ ಯಂತ್ರವೊಂದು ಕಸವನ್ನು ಒತ್ತಿ ಒತ್ತಿ ಗುಡ್ಡೆ ಹಾಕುತ್ತಿದೆ. ಬಹುಮಂದಿ ವಿಮರ್ಶಕರ ಗಮನವು ಈ ಪುಟ್ಟ ಯಂತ್ರದ ಪ್ರೇಮಕ್ಕೆ ಹೋಗುತ್ತದೆ. ಪ್ರಕೃತ ವಿಷಯಕ್ಕೆ ಹೆಚ್ಚು ಮುಖ್ಯವಾದುದು ನೌಕೆಯನ್ನು ನಡೆಸುವ 'ಆಟೋ'. ಹಡಗಿನ ಚಕ್ರದ ಆಕಾರ, ನಡುವೆ ಒಂದು ಕೆಂಗಣ್ಣು. ಅದು ಕ್ರೂರವಲ್ಲ, ದಂಗೆಯೆದ್ದುದೂ ಅಲ್ಲ. ಭೂಮಿಯನ್ನು ಚೊಕ್ಕಟಮಾಡುವ ಪ್ರಯತ್ನ ವಿಫಲವಾದಾಗ, ಆ ಪ್ರಯತ್ನವನ್ನು ಕೈಗೊಂಡಿದ್ದ ಕಂಪೆನಿಯ ಮುಖ್ಯಸ್ಥನು ಎಂದಿಗೂ ಹಿಂದಿರುಗಬಾರದೆಂದು ರಹಸ್ಯವಾಗಿ ಒಂದು ಆಜ್ಞೆಯನ್ನು ಕೊಟ್ಟು ಹೋದನು. ಕೊಟ್ಟವನು ಸತ್ತು ಶತಮಾನಗಳಾದರೂ ಆಟೋ ಅದನ್ನು ಪಾಲಿಸುತ್ತಲೇ ಇದೆ. ಭೂಮಿಯಲ್ಲಿ ಹಸುರು ಚಿಗುರಿದೆಯೆಂಬ ಸಾಕ್ಷಿಯನ್ನು ಕಣ್ಣಮುಂದೆ ಹಿಡಿದರೂ ಅದಕ್ಕೆ ಸಾಕ್ಷಿ ಬೇಡ, ಆಜ್ಞೆ ಸಾಕು.

ವಿಧೇಯತೆಯೇ ಇಲ್ಲಿ ಕೆಡುಕಿನ ಮೂಲವಾಗಿದೆ. ಯಂತ್ರವು ಮಾತು ಮೀರಿದರೆ ಗತಿಯೇನು ಎಂಬ ಹಳೆಯ ಭಯವನ್ನು ಈ ಚಿತ್ರವು ತಿರುಗಿಸಿ, ಮಾತು ಮೀರದಿದ್ದರೆ ಗತಿಯೇನು ಎಂದು ಕೇಳುತ್ತದೆ. ಕೊನೆಗೆ ಅದನ್ನು ಸೋಲಿಸುವವನು ಮೈಬೆಳೆದು ನಡೆಯುವುದನ್ನೇ ಮರೆತಿದ್ದ ನೌಕಾಧಿಪತಿ. ಅವನು ತನ್ನ ಕಾಲ ಮೇಲೆ ಎದ್ದುನಿಂತು, ಕೈ ನೀಡಿ, ಆಟೋವನ್ನು ನಿಲ್ಲಿಸುವ ಗುಂಡಿಯನ್ನು ಒತ್ತುತ್ತಾನೆ. ಆ ಗುಂಡಿಯು ಆ ಮೊದಲೂ ಅಲ್ಲಿಯೇ ಇದ್ದಿತು. ಇನ್ನೊಂದು ಸ್ವಾರಸ್ಯ: ನೌಕೆಯ ಮನುಷ್ಯರೆಲ್ಲ ಚಿತ್ರಿತರು; ಆಜ್ಞೆಯನ್ನು ಕೊಟ್ಟ ಮುಖ್ಯಸ್ಥನ ಪಾತ್ರವನ್ನು ನಿಜವಾದ ನಟನಿಂದ ಅಭಿನಯಿಸಿ ತೋರಿಸಲಾಗಿದೆ. ಮಾಡಿಸಿದವನಿಗೆ ಮನುಷ್ಯನ ಮುಖವೇ ಇರಬೇಕೆಂದು ನಿರ್ದೇಶಕರು ಎಣಿಸಿದರೋ ಏನೋ, ಪರಿಣಾಮವಂತೂ ಹಾಗೆ ಆಗಿದೆ.

ಪೀಟರ್ ಬ್ರೌನ್ ಅವರ 2016ರ ಪುಸ್ತಕವನ್ನು ಅನುಸರಿಸಿ ಕ್ರಿಸ್ ಸ್ಯಾಂಡರ್ಸ್ ಅವರು 2024ರಲ್ಲಿ ತಯಾರಿಸಿದ 'ವೈಲ್ಡ್ ರೋಬೋ' ಚಿತ್ರವು ಮತ್ತೊಂದು ಬಗೆಯ ತಪ್ಪನ್ನು ಮುಂದಿಡುತ್ತದೆ. ನಿರ್ಜನದ್ವೀಪಕ್ಕೆ ಬಂದು ಬಿದ್ದ ರಾಜ್ ಎಂಬ ಯಂತ್ರವು ಕರಡಿಗೆ ಹೆದರಿ ಓಡುವಾಗ ಜಾರಿ ಕಾಡುಬಾತಿನ ಗೂಡಿನ ಮೇಲೆ ಬೀಳುತ್ತದೆ. ತಾಯಿಯೂ ಮೊಟ್ಟೆಗಳೂ ನಾಶವಾಗಿ ಒಂದೇ ಒಂದು ಮೊಟ್ಟೆ ಉಳಿಯುತ್ತದೆ. ಅದರಿಂದ ಹೊರಬಂದ ಮರಿಗೆ ಯಂತ್ರವೇ ತಾಯಿಯಾಗುತ್ತದೆ. ಇಲ್ಲಿ ಆಜ್ಞೆಯಿಲ್ಲ, ಉದ್ದೇಶವಿಲ್ಲ. ಅಪಕಾರ ಮಾತ್ರ ಇದೆ. ಉದ್ದೇಶವಿಲ್ಲದ್ದರಿಂದ ಹೊಣೆಯೂ ಇಲ್ಲವೆಂದು ರಾಜ್ ಹೇಳುವುದಿಲ್ಲ. ಈಜು ಕಲಿಸುತ್ತದೆ, ಹಾರುವುದಕ್ಕೆ ಅಣಿಮಾಡುತ್ತದೆ. ಮರಿಗೆ ಒಂದು ದಿನ ನಿಜವು ತಿಳಿದು ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಚಿತ್ರವು ಬೇಗನೆ ಶಮನಮಾಡಿಬಿಡದೆ ಕೆಲವು ಹೊತ್ತು ಹಾಗೆಯೇ ಇರಗೊಟ್ಟಿರುವುದು ಶ್ಲಾಘ್ಯ.

ಇಷ್ಟು ಹೇಳಿದಮೇಲೆ ಈ ಪ್ರಕಾರದ ಮೇಲೆ ಬರುವ ಮುಖ್ಯವಾದ ಆಕ್ಷೇಪವನ್ನು ಮರೆಸುವಂತಿಲ್ಲ. ಯಂತ್ರಕ್ಕೆ ಹೃದಯವನ್ನು ಕೊಟ್ಟು ಮಕ್ಕಳ ಮುಂದಿಟ್ಟರೆ, ಹೃದಯವಿಲ್ಲದ ಯಂತ್ರವನ್ನೂ ಮಕ್ಕಳು ಹಾಗೆಯೇ ನಂಬಿಬಿಡರೇ? ಮಾತನಾಡುವ ಯಂತ್ರವು ಮನೆಯೊಳಗೇ ಬಂದಿರುವ ಕಾಲದಲ್ಲಿ ಇದು ಹುರುಳಿಲ್ಲದ ಶಂಕೆಯಲ್ಲ. ಪಂಚತಂತ್ರದ ನರಿಯನ್ನು ಕೇಳಿದ ಮಗುವಿಗೆ ಕಾಡಿನ ನರಿ ಮಾತನಾಡದೆಂದು ಅನುಭವವೇ ತಿಳಿಸಿಕೊಡುತ್ತದೆ. ಯಂತ್ರದ ವಿಷಯದಲ್ಲಿ ಅನುಭವವು ತದ್ವಿರುದ್ಧವಾಗಿ ಸಾಕ್ಷಿ ನುಡಿಯುತ್ತಿದೆ. ಮಗುವಿನ ಮಮತೆಯನ್ನು ಗಳಿಸಿಕೊಂಡ ಯಂತ್ರದ ಹಿಂದೆ ಅದನ್ನು ಮಾರುವವನೊಬ್ಬನು ನಿಂತಿರುತ್ತಾನೆ, ಅವನ ಕಡೆಗೆ ದೃಷ್ಟಿ ಹೋಗುವುದಿಲ್ಲ. ಆಕ್ಷೇಪಕ್ಕೆ ಸಮಾಧಾನವು ಎಲ್ಲ ಚಿತ್ರಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಸಿಕ್ಕದು. ತೆನ್ಮಾ ಕಥೆಯ ಬಾಗಿಲಲ್ಲಿಯೇ ನಿಂತಿರುವ ಆಟಮಿನಲ್ಲಿ ಅದು ಪೂರ್ಣವಾಗಿ ಸಿಕ್ಕುತ್ತದೆ. 'ವಾಲ್-ಇ'ಯಲ್ಲಿ ಬಹುಮಟ್ಟಿಗೆ ಸಿಕ್ಕುತ್ತದೆ. 'ವೈಲ್ಡ್ ರೋಬೋ'ವಿನಲ್ಲಿ ರಾಜನ್ನು ತಯಾರಿಸಿದ ಕಂಪೆನಿಯು ತನ್ನ ಸೊತ್ತನ್ನು ಹಿಂದಕ್ಕೆ ಒಯ್ಯಲು ಮತ್ತೊಂದು ಯಂತ್ರವನ್ನೇ ಕಳುಹಿಸುತ್ತದೆ. ಅದರ ಹಿಂದಿರುವ ಮನುಷ್ಯರು ತೆರೆಯ ಮೇಲೆ ಹೊಣೆ ಹೊರುವುದಕ್ಕೆ ಬರುವುದೇ ಇಲ್ಲ. ರಸದ ದೃಷ್ಟಿಯಿಂದ ಇದು ಕುಂದಲ್ಲದಿರಬಹುದು. ನೀತಿಯ ದೃಷ್ಟಿಯಿಂದ ಕುಂದೇ.

ಮಾಡಿಸಿದವನು ಮರೆಯಾಗುವುದು ಕಥೆಯಲ್ಲಿ ಮಾತ್ರ ನಡೆಯುವ ಸಂಗತಿಯಾಗಿದ್ದರೆ ಇಷ್ಟು ಚರ್ಚೆ ಬೇಕಾಗಿರಲಿಲ್ಲ. ಕರ್ಣಾಟಕದ ನ್ಯಾಯಬೆಲೆ ಅಂಗಡಿಗಳಲ್ಲಿ ಪಡಿತರ ಪಡೆಯುವುದಕ್ಕೆ ಬೆರಳಚ್ಚು ಕೊಡುವ ಪದ್ಧತಿ ಬಂದಿದೆ. ದುಡಿದು ದುಡಿದು ರೇಖೆ ಸವೆದ ಬೆರಳನ್ನು ಯಂತ್ರವು ಗುರುತಿಸದೆ ಹೋದಾಗ ಕೇಳಿಬರುವ ಮಾತು, "ಮಿಷನ್ನು ತಗೊಳ್ತಾ ಇಲ್ಲ." ವಾಕ್ಯದಲ್ಲಿ ಕರ್ತೃಪದವಿದೆ, ಅದು ಮಿಷನ್ನು. ಪದ್ಧತಿಯನ್ನು ಯೋಚಿಸಿದವರೂ, ಒಪ್ಪಿದವರೂ, ಬೇರೆ ದಾರಿಯನ್ನು ತೆರೆಯಬಲ್ಲವರೂ ಆ ವಾಕ್ಯದಲ್ಲಿ ಇಲ್ಲ. ಹಿಂದಿರುಗಿ ಹೋಗುವ ಮುದುಕಿಯು ಯಾರೊಡನೆ ಜಗಳವಾಡಬೇಕೆಂಬುದನ್ನೂ ಆ ವಾಕ್ಯವು ತಿಳಿಸುವುದಿಲ್ಲ.

ಈ ಕಾರಣದಿಂದ ಇಂಥ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವ ಉಪಾಧ್ಯಾಯರು ಯಂತ್ರಕ್ಕೆ ಮನಸ್ಸುಂಟೇ ಎಂಬ ಪ್ರಶ್ನೆಯಿಂದ ಆರಂಭಿಸುವುದು ಅಷ್ಟೇನೂ ಫಲಕಾರಿಯಲ್ಲ. ಅದಕ್ಕೆ ತತ್ತ್ವಜ್ಞರೇ ಉತ್ತರವನ್ನು ಕಂಡಿಲ್ಲ. ವ್ಯಾಕರಣದ ಪಾಠದಲ್ಲಿ ಮಾಡಿಸುವಂತೆ, ಒಂದೇ ಘಟನೆಯನ್ನು ಮೂರು ಬಗೆಯಾಗಿ ಬರೆಯಿರೆಂದು ಮಕ್ಕಳಿಗೆ ಹೇಳಬಹುದು. ಗೂಡು ಮುರಿಯಿತು. ರಾಜ್ ಗೂಡನ್ನು ಮುರಿಯಿತು. ಮೂರನೆಯದು 'ಮುರಿಯಿಸು' ಎಂಬ ಧಾತುವಿನಿಂದ ಆಗಬೇಕಾದ ವಾಕ್ಯ. ಮೊದಲನೆಯದನ್ನು ಎಲ್ಲರೂ ಬರೆಯುತ್ತಾರೆ. ಎರಡನೆಯದನ್ನು ಬರೆಯುವಾಗ, ರಾಜನ್ನು ಮೆಚ್ಚಿಕೊಂಡ ಮಗುವಿನ ಕೈ ಸ್ವಲ್ಪ ತಡೆಯುತ್ತದೆ. ಮೂರನೆಯದಕ್ಕೆ ಕರ್ತೃಪದವನ್ನು ಹುಡುಕುತ್ತ ಹೋದವರಿಗೆ, ಯಂತ್ರವನ್ನು ತುಂಬಿ ಸಮುದ್ರದ ಮೇಲೆ ಕಳುಹಿಸಿದವರು ಯಾರು, ಬಿರುಗಾಳಿಗೆ ಸಿಕ್ಕ ಆ ಸರಕಿನ ವಿಷಯದಲ್ಲಿ ಅವರು ಏನು ವಿಚಾರಿಸಿದರು ಎಂಬೀ ಪ್ರಶ್ನೆಗಳು ಒಂದೊಂದಾಗಿ ಎದುರಾಗುತ್ತವೆ. ಚಿತ್ರದಲ್ಲಿ ಅದಕ್ಕೆ ಸಿಕ್ಕುವ ಹೆಸರು ಒಂದು ಕಂಪೆನಿಯದು ಮಾತ್ರ.